ಟೇಪಿನ ಆ ತುದಿ ಎಲ್ಲಿತ್ತು?

ಪ್ರಶ್ನೆ: ಅಕ್ಕಾ, ನಮ್ಮದು ಅಘನಾಶಿನಿ ಹೊಳೆಯ ದಂಡೆಯ ಊರು. ಹಿಸ್ಸೆ ಆದಾಗ ಹಳೇ ಮನೆ ಅಣ್ಣನಿಗೆ ಹೋಯಿತು, ಪಕ್ಕದ ನಾಲ್ಕು ಗುಂಟೆ ನನಗೆ ಬಂತು. ಬಿನ್‌ಶೇತ್ಕಿ (ಕೃಷಿಯೇತರ ಜಾಗ) ಆಗಿದೆ, ಪಂಚಾಯಿತಿಯ ಆಸ್ತಿ ದಾಖಲೆ ನಮೂನೆ 9 ಕೈಯಲ್ಲಿದೆ. ಎರಡು ಕೋಣೆಯ ಮನೆ ಕಟ್ಟಲು ಪಂಚಾಯಿತಿಗೆ ಅರ್ಜಿ ಕೊಟ್ಟೆ. ಜಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯಲ್ಲಿದೆ, ಅನುಮತಿ ಕೊಡಲು ಬರುವುದಿಲ್ಲ ಎಂದು ಒಂದೇ ಸಾಲಿನ ಪತ್ರ ಬಂತು. ಅಳತೆಗೆ ಬಂದವರು ಗಜನಿಯಲ್ಲಿ (ಹೊಳೆ ಪಕ್ಕ ಕಟ್ಟೆ ಹಾಕಿದ ಉಪ್ಪುನೀರಿನ ಗದ್ದೆ) ನೀರು ನಿಂತ ಅಂಚಿನಿಂದ ಟೇಪು ಹಿಡಿದರು, 38 ಮೀಟರ್ ಬಂತು. ಹೊಳೆ ಇರುವುದು ಗಜನಿ ಕಟ್ಟೆಯ ಆಚೆ, ಇನ್ನೂ ಎಷ್ಟೋ ದೂರ. ಒಬ್ಬರು ಸುಮ್ನೆ ಕಟ್ಟಿಬಿಡು ಅನ್ನುತ್ತಾರೆ, ಇನ್ನೊಬ್ಬರು ಧಾರವಾಡದ ಹೈಕೋರ್ಟಿಗೆ ಹೋಗು ಅನ್ನುತ್ತಾರೆ. ಏನು ಮಾಡಲಿ?
(ಹೆಸರು ಬೇಡ, ಕುಮಟಾ ತಾಲ್ಲೂಕು)

ಉತ್ತರ: ಎರಡೂ ಬೇಡ, ಸದ್ಯಕ್ಕಂತೂ ಬೇಡ. ನಿಮ್ಮ ಪತ್ರದಲ್ಲಿ ಒಂದು ಮಾತು ಬಹಳ ಮುಖ್ಯ. ಟೇಪು ಎಲ್ಲಿಂದ ಹಿಡಿದರು ಅನ್ನುವುದನ್ನು ನೀವು ನೋಡಿಟ್ಟುಕೊಂಡಿದ್ದೀರಿ. ಹೆಚ್ಚಿನವರು ನೋಡುವುದೇ ಇಲ್ಲ.

ಸಿಆರ್‌ಝಡ್ ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು 200 ಮೀಟರ್, ಅದರೊಳಗೆ ಹೊಸ ಮನೆ ಕಟ್ಟುವಂತಿಲ್ಲ ಅಂತ. ಅದು ಸಮುದ್ರದ ದಂಡೆಯ ಹಳ್ಳಿಗಳ ಲೆಕ್ಕ, ಅದೂ ಜನಸಾಂದ್ರತೆ ಕಡಿಮೆ ಇರುವ ಕಡೆ. 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇದ್ದಲ್ಲಿ 50 ಮೀಟರ್ ಸಾಕು. ಉಬ್ಬರದ ನೀರು ಬರುವ ಹೊಳೆಯ ದಂಡೆಗೆ ಲೆಕ್ಕವೇ ಬೇರೆ. 2019ರ ಅಧಿಸೂಚನೆಯ ಪ್ರಕಾರ ಅಲ್ಲಿ 50 ಮೀಟರ್, ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2011ರ ಹಳೇ ಅಧಿಸೂಚನೆಯಲ್ಲಿ ಇದು 100 ಮೀಟರ್ ಇತ್ತು, ಕೆಲವು ಕಡೆ ಇನ್ನೂ ಅದೇ ನೆನಪಿನಲ್ಲಿ ಅಳೆಯುತ್ತಾರೆ.

ಈಗ ನಿಮ್ಮ 38 ಮೀಟರಿಗೆ ಬರೋಣ. ಅಳತೆ ಶುರು ಆಗಬೇಕಾದದ್ದು ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮೇಲೆ ಬರುವ ಗೆರೆಯಿಂದ. ಗಜನಿಗೂ ಉಪ್ಪುನೀರು ಬರುತ್ತದಲ್ಲ, ಅಲ್ಲಿಂದ ಅಳೆದರೆ ತಪ್ಪೇನು ಅಂತ ಅವರಿಗೆ ಅನಿಸಿರಬಹುದು. ಆದರೆ ಅಧಿಸೂಚನೆಯಲ್ಲೇ ಇದಕ್ಕೆ ಉತ್ತರ ಇದೆ. 1991ರ ಫೆಬ್ರವರಿ 19ಕ್ಕಿಂತ ಮೊದಲು ಕಟ್ಟಿದ ಒಡ್ಡು ಅಥವಾ ನೀರಿನ ಬಾಗಿಲು ಇದ್ದರೆ ಭರತದ ಗೆರೆ ಆ ಒಡ್ಡಿಗೇ ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಮೊದಲ ಸಿಆರ್‌ಝಡ್ ಅಧಿಸೂಚನೆ ಹೊರಟದ್ದು ಅದೇ ದಿನ, ಅದಕ್ಕೇ ಆ ತಾರೀಖು. ಅಘನಾಶಿನಿಯ ಗಜನಿ ಕಟ್ಟೆಗಳು ಎಷ್ಟು ಹಳೆಯವು ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ಅಜ್ಜ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆದದ್ದು ಆ ಕಟ್ಟೆಯ ಧೈರ್ಯದ ಮೇಲೇ ಅಲ್ವಾ.

ನಿಮಗೆ ಗೊತ್ತಿದ್ದರೆ ಸಾಲದು, ಕಾಗದ ಬೇಕು. ಸರ್ಕಾರ ಉಪ್ಪುನೀರು ತಡೆಯಲು ಕಟ್ಟಿಸಿದ ಖಾರ್‌ಲ್ಯಾಂಡ್ ಒಡ್ಡು ಆಗಿದ್ದರೆ ಸಣ್ಣ ನೀರಾವರಿ ಇಲಾಖೆಯಲ್ಲಿ ಕಡತ ಕೇಳಿ. ಹಳೇ ಸರ್ವೆ ನಕ್ಷೆ, 1991ಕ್ಕಿಂತ ಹಿಂದಿನ ಪಹಣಿ, ಗಜನಿ ಒಕ್ಕಲುಗಳ ಹಳೇ ಲೆಕ್ಕದ ಪುಸ್ತಕ, ಕಟ್ಟೆಯ ಹೆಸರು ಎಲ್ಲಿ ಕಂಡರೂ ನಕಲು ತೆಗೆದಿಡಿ.

ಆಮೇಲೆ ಕಾರವಾರಕ್ಕೆ ಒಂದು ದಿನ ಹೋಗಿ ಬನ್ನಿ. ಅಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಇದೆ. ನಿಮ್ಮ ಸರ್ವೆ ನಂಬರ್ ಬರುವ ಕರಾವಳಿ ವಲಯದ ನಕ್ಷೆಯ ಹಾಳೆ ನೋಡಬೇಕು ಎಂದು ಬರೆದು ಕೊಡಿ. ನಿಮ್ಮ ಇಡೀ ಪ್ರಕರಣ ನಿಂತಿರುವುದು ಆ ಹಾಳೆಯ ಮೇಲೆ. ಅದರಲ್ಲಿ ಗೆರೆ ಕಟ್ಟೆಯ ಮೇಲೇ ಇದ್ದರೆ ತಪ್ಪಿದ್ದು ಪಂಚಾಯಿತಿಯ ಅಳತೆ, ಮೇಲ್ಮನವಿಯಲ್ಲಿ ನಿಮ್ಮ ಮಾತು ಗಟ್ಟಿ. ಗೆರೆಯೇ ಕಟ್ಟೆ ದಾಟಿ ಒಳಗೆ ಬಂದಿದ್ದರೆ ತಾಲ್ಲೂಕಿನಲ್ಲಿ ಕೂತವರು ಅದನ್ನು ಅಳಿಸಲಾರರು. ಆಗ ನಕ್ಷೆ ಸರಿ ಮಾಡಿ ಅಂತ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವನ್ನೇ ಕೇಳಬೇಕು. ಅದು ಉದ್ದದ ದಾರಿ, ಆದರೆ ದಾರಿ ಅದೇ.

ಮತ್ತೊಂದು. ಕಟ್ಟೆಯ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬೆಳೆದಿದೆಯಾ ನೋಡಿ. ಕಾಂಡ್ಲಾ ಇರುವ ಜಾಗ ಕಟ್ಟೆಯ ಒಳಗಿದ್ದರೂ ಅತಿ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ದಯವಿಟ್ಟು ಅದನ್ನು ಕಡಿದು ದಾರಿ ಮಾಡಿಕೊಳ್ಳುವ ಯೋಚನೆ ಮಾಡಬೇಡಿ. ಮಳೆಗಾಲದಲ್ಲಿ ನಿಮ್ಮ ಮನೆ ಕಾಯುವುದೂ ಅದೇ ಗಿಡ.

ಮೇಲ್ಮನವಿ ಹಾಕಬೇಕಾದದ್ದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಪಂಚಾಯತ್ ರಾಜ್ ಕಾಯ್ದೆಯ 269ನೇ ಕಲಮಿನ ಕೆಳಗೆ. ಇರುವುದು 30 ದಿನ. ಸ್ಥಳ ತನಿಖೆಯ ವರದಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, ಆದರೆ ಅದಕ್ಕೆ ಉತ್ತರ ಕೊಡಲು ಅವರಿಗೂ 30 ದಿನ ಇದೆ. ಅದು ಕೈಗೆ ಬರಲಿ ಅಂತ ಕಾದರೆ ನಿಮ್ಮ ಅವಧಿ ಮುಗಿದಿರುತ್ತದೆ. ನನ್ನ ತವರಿನ ಅರ್ಜಿಯೊಂದು ಹೀಗೇ ಕಾಗದ ಕಾಯುತ್ತ ಕಾಯುತ್ತ ಅವಧಿ ಮೀರಿ ಹೋಯಿತು, ಆ ಬೇಜಾರು ನನಗಿನ್ನೂ ಹೋಗಿಲ್ಲ. ಹಾಗಾಗಿ ಮೊದಲು ಮೇಲ್ಮನವಿ ಹಾಕಿ, ಉಳಿದ ದಾಖಲೆ ಆಮೇಲೆ ಕೊಡುತ್ತೇನೆ ಅಂತ ಅದರಲ್ಲೇ ಬರೆಯಿರಿ. ಎರಡು ಪುಟ ಸಾಕು. ಬಡತನ, ಮಕ್ಕಳ ಮದುವೆ, ಅಣ್ಣನ ಮನೆಯ ಇಕ್ಕಟ್ಟು ಇವೆಲ್ಲ ನಿಜವೇ, ಆದರೆ ಅವು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಟೇಪು ಹಿಡಿದ ಜಾಗ ತಪ್ಪು, ಕಟ್ಟೆ 1991ಕ್ಕಿಂತ ಹಳೆಯದು, ಕಟ್ಟೆಯಿಂದ ನನ್ನ ಜಾಗ ಇಷ್ಟು ಮೀಟರ್, ಜೊತೆಗೆ ಸರ್ವೆಯವರ ಸಹಿ ಇರುವ ಸ್ಕೆಚ್. ಅಷ್ಟೇ. ಆದೇಶದಲ್ಲಿ ಅಳತೆಯನ್ನಾಗಲಿ ಕಾರಣವನ್ನಾಗಲಿ ಬಿಡಿಸಿ ಬರೆದಿಲ್ಲ ಎಂಬುದನ್ನೂ ಸೇರಿಸಿ.

ಧಾರವಾಡಕ್ಕೆ ಈಗಲೇ ಹೋದರೆ ಮೇಲ್ಮನವಿ ಯಾಕೆ ಹಾಕಲಿಲ್ಲ ಅಂತಲೇ ಮೊದಲು ಕೇಳುತ್ತಾರೆ. ಇನ್ನು ಸುಮ್ನೆ ಕಟ್ಟಿಬಿಡು ಅಂದವರ ಮಾತು. ಕೊಚ್ಚಿಯ ಮರಡುವಿನಲ್ಲಿ ಪಂಚಾಯಿತಿಯ ಅನುಮತಿ ಇದ್ದ ಫ್ಲ್ಯಾಟುಗಳನ್ನೇ ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಉರುಳಿಸಿದರು. ಅನುಮತಿಯೇ ಇಲ್ಲದ ಮನೆಯ ಗತಿ ಯೋಚಿಸಿ. ನಿಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆದರಿ ಇಲ್ಲ ಅಂದದ್ದೂ ಇಂಥದ್ದನ್ನೆಲ್ಲ ಕೇಳಿಯೇ ಇರಬಹುದು, ಅವರ ಜೊತೆ ಜಗಳ ಬೇಡ. ಮೇಲ್ಮನವಿ ಗೆದ್ದ ಮೇಲೂ ಲೈಸೆನ್ಸಿಗೆ ಸಹಿ ಹಾಕುವವರು ಅವರೇ.

ಪ್ರಶ್ನೆ: ಕಾರವಾರದ ಹತ್ತಿರ ಸಮುದ್ರದ ದಂಡೆಗೇ ನಮ್ಮ ಹಂಚಿನ ಮನೆ. ಗೋಡೆ ಬಿದ್ದಿದೆ. ಮತ್ತೆ ಕಟ್ಟುತ್ತೇವೆ ಅಂದರೆ ಆಗುವುದಿಲ್ಲ, ಅರ್ಜಿಯನ್ನೇ ಕೊಡಬೇಡಿ ಅನ್ನುತ್ತಾರೆ. ನಿಜವಾ?
(ಒಬ್ಬ ತಾಯಿ)

ಉತ್ತರ: ಇಲ್ಲಮ್ಮ. ಸಮುದ್ರದ ದಂಡೆಯಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲದ ಜಾಗದಲ್ಲೂ ಮೊದಲಿಂದ ಇರುವ ಅಧಿಕೃತ ಮನೆಯ ದುರಸ್ತಿಗೆ, ಮರುನಿರ್ಮಾಣಕ್ಕೆ ಅವಕಾಶ ಇದೆ. ತಳದ ವಿಸ್ತೀರ್ಣ ಹೆಚ್ಚಬಾರದು, ಒಟ್ಟು ಕಟ್ಟಡವೂ ಮೊದಲಿಗಿಂತ ದೊಡ್ಡದಾಗಬಾರದು. ಹಾಗಾಗಿ ಉಳಿದ ಗೋಡೆ ಕೆಡವುವ ಮೊದಲು ಅಳತೆ ಮಾಡಿಸಿ, ನಾಲ್ಕೂ ಕಡೆಯಿಂದ ಫೋಟೋ ತೆಗೆಸಿ. ಹಳೇ ಮನೆ ತೆರಿಗೆ ರಸೀದಿ ಎಷ್ಟು ಹಿಂದಿನದು ಸಿಕ್ಕರೆ ಅಷ್ಟು ಒಳ್ಳೆಯದು. ಬಾಯಿಮಾತಿನಲ್ಲಿ ಆಗುವುದಿಲ್ಲ ಅಂದದ್ದರ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ, ಅದಕ್ಕೇ ಅರ್ಜಿ ಕೊಡಲೇಬೇಕು. ಕೈಯಲ್ಲಿ ತೆಗೆದುಕೊಳ್ಳದಿದ್ದರೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.