ಕಾಪು ಬೀಚಿನ ನೀಲಿ ಬಿಲ್ಲೆ: ಟ್ಯಾಂಕಿಗೆ ತರಬೇಡಿ

ಮೇಡಂ, ಕಾಪು ಬೀಚಿನಲ್ಲಿ ನಿಮ್ಮ ಮಗ ಹೆಕ್ಕಿದ ನೀಲಿ ಬಿಲ್ಲೆಗಳ ಫೋಟೋ ನೋಡಿದೆ. ಜೆಲ್ಲಿ ಮೀನಿನ ಮರಿಯಾ, ವಿಷ ಇದೆಯಾ, ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಬದುಕುತ್ತಾ ಅಂತ ಕೇಳಿದ್ದೀರಿ.

ಮರಿ ಅಲ್ಲ. ಇದು ಪೋರ್ಪಿಟಾ ಪೋರ್ಪಿಟಾ. ಬ್ಲೂ ಬಟನ್ ಅಂತಲೂ ಕರೆಯುತ್ತಾರೆ. ಜೆಲ್ಲಿ ಮೀನಿಗೆ ದೂರದ ನಂಟು, ಅಷ್ಟೇ. ನಿಜಕ್ಕೂ ಇದೊಂದು ಹೈಡ್ರಾಯ್ಡ್, ಅಂದರೆ ಗುಂಪು ಕಟ್ಟಿಕೊಂಡು ಬದುಕುವ ಸಮುದ್ರಜೀವಿ. ನೋಡಲು ಒಂದೇ ಜೀವಿ, ಆದರೆ ಒಂದೊಂದು ಬಿಲ್ಲೆಯೂ ಪಾಲಿಪ್ ಎಂಬ ಕೊಳವೆಯಂಥ ಪುಟ್ಟ ಪುಟ್ಟ ಜೀವಿಗಳ ಕೂಡು ಕುಟುಂಬ. ಬಿಲ್ಲೆಯ ಅಡಿಯಲ್ಲಿ ನಟ್ಟನಡುವೆ ಒಂದು ದೊಡ್ಡ ಬಾಯಿ. ಅದರ ಸುತ್ತ ಇರುವ ಪಾಲಿಪ್‌ಗಳು ಸಂತಾನದ ಕೆಲಸ ನೋಡಿಕೊಳ್ಳುತ್ತವೆ. ಅಂಚಿನ ನೀಲಿ ಎಳೆಗಳದ್ದು ಬೇಟೆಯ ಕೆಲಸ. ಭೂತಗನ್ನಡಿ ಇದ್ದರೆ ಆ ಎಳೆಗಳನ್ನೇ ನೋಡಿ. ಉದ್ದಕ್ಕೂ ಸಣ್ಣ ತೊಟ್ಟು, ತೊಟ್ಟಿನ ತುದಿಗೆ ಗುಂಡನೆಯ ಗಂಟು. ಕುಟುಕುವ ಕೋಶಗಳು ಇರುವುದು ಆ ಗಂಟಿನಲ್ಲೇ.

ಹೈಡ್ರಾಯ್ಡ್‌ಗಳಲ್ಲಿ ಹೆಚ್ಚಿನವು ಬಂಡೆಗೋ, ಚಿಪ್ಪಿಗೋ, ದೋಣಿಯ ಅಡಿಗೋ ಅಂಟಿಕೊಂಡೇ ಇರುತ್ತವೆ. ಇದಕ್ಕೆ ಆ ಗೊಡವೆ ಇಲ್ಲ. ನಡುವಿನ ಗಟ್ಟಿ ಬಿಲ್ಲೆಯೊಳಗೆ ಉಂಗುರ ಉಂಗುರವಾಗಿ ಗಾಳಿ ತುಂಬಿದ ಕೋಣೆಗಳಿವೆ. ಬಿಲ್ಲೆ ಆಗಿರುವುದು ಕೈಟಿನ್‌ನಿಂದ, ಸಿಗಡಿ ಸಿಪ್ಪೆಯಲ್ಲಿ ಇರುತ್ತಲ್ಲ, ಅದೇ. ಹೀಗಾಗಿ ಬಾಯಿ ಕೆಳಗೆ ಮಾಡಿಕೊಂಡು ನಡುಗಡಲಿನ ನೀರಿನ ಮೇಲೆಯೇ ತೇಲುತ್ತಾ, ಕೈಗೆ ಸಿಕ್ಕ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿಂದುಕೊಂಡಿರುತ್ತದೆ. ಬೆಚ್ಚಗಿನ ಎಲ್ಲ ಸಾಗರಗಳಲ್ಲೂ ಇದೆ. ಈಜಲು ಮಾತ್ರ ಬರುವುದಿಲ್ಲ. ಗಾಳಿ ದಡದ ಕಡೆಗೆ ಜೋರಾಗಿ ಬೀಸಿದರೆ ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ನೀವು ನೋಡಿದ್ದು ಅದನ್ನೇ.

ಟ್ಯಾಂಕಿನ ಆಸೆ ಬಿಟ್ಟುಬಿಡಿ. ತೇಲುತ್ತಾ ಹೋಗಿ ಗಾಜಿಗೆ ತಾಗುತ್ತದೆ, ಎಳೆಗಳು ಹರಿಯುತ್ತವೆ, ಇಲ್ಲವೇ ಫಿಲ್ಟರ್ ಎಳೆದುಕೊಳ್ಳುತ್ತದೆ. ಸುಮ್ನೆ ನೀರು ಕೆಡುತ್ತದೆ, ಅಷ್ಟೇ ಲಾಭ. ಅದರ ಬದಲು ಬೀಚಿನಲ್ಲೇ ಒಂದು ಬಿಳಿ ತಟ್ಟೆಯಲ್ಲಿ ಸಮುದ್ರದ ನೀರು ಹಾಕಿ, ಚಮಚದಲ್ಲಿ ಎತ್ತಿ ಬಿಡಿ. ಮುದುಡಿದ ಎಳೆಗಳು ಅರಳುತ್ತವೆ. ಮೇಲಿನಿಂದ ನೇರವಾಗಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ.

ಕುಟುಕು ಬಹಳ ಸೌಮ್ಯ. ಕೆಲವರಿಗೆ ತುರಿಕೆ ಆಗುತ್ತದೆ. ಉಜ್ಜಬೇಡಿ, ಸಮುದ್ರದ ನೀರಿನಲ್ಲೇ ತೊಳೆಯಿರಿ. ಮಗ ಆ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಕಂಡರೆ ನೇರ ಡಾಕ್ಟರ್ ಹತ್ತಿರ.

ನಿಜವಾಗಿ ಹೆದರಬೇಕಾದ್ದು ಇದರ ಜೊತೆಗೇ ಬಂದು ಬೀಳುವ ಇನ್ನೆರಡಕ್ಕೆ. ಬಲೂನಿನಂತೆ ಉಬ್ಬಿ, ಉದ್ದನೆಯ ನೀಲಿ ದಾರ ಬಿಟ್ಟಿದ್ದರೆ ಅದು ಫೈಸೇಲಿಯಾ. 2018ರ ಆಗಸ್ಟ್‌ನಲ್ಲಿ ಮುಂಬೈ ಬೀಚುಗಳಲ್ಲಿ ಜನರನ್ನು ಕುಟುಕಿದ್ದು ಅದೇ. ಸತ್ತು ಬಿದ್ದಿದ್ದರೂ ಕುಟುಕುತ್ತದೆ. ಇನ್ನೊಂದು ಗ್ಲಾಕಸ್, ರೆಕ್ಕೆ ಬಿಚ್ಚಿದಂತೆ ಕಾಣುವ, ಚಿಪ್ಪಿಲ್ಲದ ನೀಲಿ ಬಸವನಹುಳು. ಇವನ್ನೆಲ್ಲ ತಿಂದು, ಅವುಗಳ ಕುಟುಕು ಕೋಶಗಳನ್ನೇ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಚಂದ ಇದೆ ಅಂತ ಅಂಗೈ ಮೇಲೆ ಇಟ್ಟುಕೊಳ್ಳುವವರೇ ಜಾಸ್ತಿ.

ಅಂದಹಾಗೆ, ಕೊನೆಯ ಫೋಟೋದ ಮೂಲೆಯಲ್ಲಿ ನೇರಳೆ ಬಣ್ಣದ ಸಣ್ಣ ಶಂಖ ಇದ್ದಂತಿದೆ. ನೀಲಿ ಬಿಲ್ಲೆ ತಿನ್ನುವ ಜಾಂತಿನಾ ಇರಬಹುದು. ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಹಾಕ್ತೀರಾ?