ಮಾತು ಕಮ್ಮಿ ಇರುವವರು ಕೂಟ ನಡೆಸಬಹುದೇ?

ಪ್ರಶ್ನೆ: ನನಗೆ 36 ವರ್ಷ, ಮನೆ ಲಿಂಗರಾಜಪುರದಲ್ಲಿ, ಅಕೌಂಟ್ಸ್ ಕೆಲಸ. ನಮ್ಮ ಏರಿಯಾದ ಶುಕ್ರವಾರದ ಪ್ರಾರ್ಥನಾ ಕೂಟ ನಡೆಸುತ್ತಿದ್ದ ಅಂಕಲ್ ಮಗನ ಜೊತೆ ಇರಲು ಮೈಸೂರಿಗೆ ಹೋದರು. ನಮ್ಮ ಸಭೆಯ (ಚರ್ಚಿನ) ಅಯ್ಯನವರು, ಅಂದರೆ ಪಾಸ್ಟರ್, ಆ ಜವಾಬ್ದಾರಿ ನನಗೆ ಹೇಳಿದ್ದಾರೆ. ಹನ್ನೆರಡು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ಕೈ ನಡುಗುತ್ತದೆ. ಒಲ್ಲೆ ಅಂದರೆ ತಪ್ಪಾಗುತ್ತದೆಯೇ?

ಉತ್ತರ: ಪ್ರಿಯ ಸಹೋದರಿ, ಒಲ್ಲೆ ಅನ್ನುವುದು ಪಾಪವಲ್ಲ. ಆದರೆ ಮಾತು ಬರುವುದಿಲ್ಲ ಎನ್ನುವುದೊಂದೇ ಕಾರಣವಾದರೆ ಒಪ್ಪಿಕೊಳ್ಳಿ. ಇಸ್ರಾಯೇಲ್ಯರನ್ನು ಬಿಡಿಸಲು ದೇವರು ಕರೆದಾಗ ಮೋಶೆಯೂ ಇದೇ ನೆಪ ಹೇಳಿದ. ದೇವರು ಅವನನ್ನು ಬಿಡಲಿಲ್ಲ, ಅವನ ಪರವಾಗಿ ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು (ಬೈಬಲಿನ ವಿಮೋಚನಕಾಂಡ 4). ನೀವೂ ಮೊದಲು ಒಬ್ಬ ಆರೋನನನ್ನು ಕೇಳಿ ಪಡೆಯಿರಿ. ಹಾಡು ಒಬ್ಬರಿಗೆ, ಬೈಬಲ್ ವಾಕ್ಯ ಓದುವುದು ಇನ್ನೊಬ್ಬರಿಗೆ, ಮುಕ್ತಾಯದ ಪ್ರಾರ್ಥನೆ ಮತ್ತೊಬ್ಬರಿಗೆ ಬುಧವಾರವೇ ಫೋನ್ ಮಾಡಿ ಹೇಳಿಬಿಡಿ. ಅಲ್ಲೇ ಕೂತು "ಯಾರಾದರೂ ಪ್ರಾರ್ಥನೆ ಮಾಡಿ" ಅಂದರೆ ಎಲ್ಲರೂ ತಲೆ ತಗ್ಗಿಸುತ್ತಾರೆ.

ನಿಮ್ಮ ಪಾಲಿಗೆ ಉಳಿಯುವುದು ಪ್ರಶ್ನೆ ಕೇಳುವುದು. ಪ್ರಸಂಗ (ಉಪದೇಶ) ಬೇಡ, ಮೂರು ಪ್ರಶ್ನೆ ಬರೆದುಕೊಂಡು ಹೋಗಿ, ಸಾಕು. ಲೂಕ 10ರ ಮಾರ್ಥ–ಮರಿಯರ ಭಾಗ ಅಂದುಕೊಳ್ಳಿ: ಮಾರ್ಥ ಉಪಚಾರದ ಕೆಲಸದಲ್ಲಿ ಒದ್ದಾಡುತ್ತಿದ್ದಾಗ ತಂಗಿ ಮರಿಯ ಯೇಸುವಿನ ಮಾತು ಕೇಳುತ್ತ ಕೂತಿದ್ದಳು. "ಮಾರ್ಥ ಮಾಡಿದ್ದು ತಪ್ಪಲ್ಲವೇ?" ಎಂದು ಕೇಳಿದರೆ "ಹೌದು" ಎಂಬಲ್ಲಿಗೆ ಮುಗಿಯಿತು. "ತಂಗಿಗೆ ಹೇಳದೆ ಮಾರ್ಥ ನೇರವಾಗಿ ಯೇಸುವಿಗೇ ದೂರು ಕೊಟ್ಟಳಲ್ಲ, ಯಾಕಿರಬಹುದು?" ಎಂದು ಕೇಳಿ ನೋಡಿ, ಅಡುಗೆಮನೆಯಲ್ಲಿ ಒಬ್ಬಳೇ ಬೆವರಿದ ಹೆಂಗಸರೆಲ್ಲ ಮಾತಾಡುತ್ತಾರೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೂಟ ನಡೆಸುವವರಲ್ಲಿ ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿಬಿಡುವವರು ಬಹಳ. ಆಮೇಲೆ ಆ ಕೂಟದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ಮೌನ ಅಭ್ಯಾಸವಿದೆ, ಇಲ್ಲಿ ಅದೇ ನಿಮ್ಮ ಬಲ. ಒಬ್ಬರೇ ಹತ್ತು ನಿಮಿಷ ಎಳೆದರೆ, ಉಸಿರು ತೆಗೆದುಕೊಳ್ಳುವಾಗ "ಒಳ್ಳೆ ಮಾತು ಅಂಕಲ್. ಆಂಟಿ, ನಿಮಗೇನನ್ನಿಸ್ತು?" ಎಂದು ಹೆಸರು ಹಿಡಿದು ಪಕ್ಕದವರ ಕಡೆ ತಿರುಗಿ.

ಮೆದು ಸ್ವಭಾವದವರು ಎಡವುವುದು ಬೇರೆ ಕಡೆ: ಕಠಿಣ ಮಾತನ್ನು ಮುಂದೂಡುತ್ತಾರೆ. ಯಾರದೋ ಮನೆಯ ಸಾಲದ ವಿಷಯ, ಮಗಳ ಮದುವೆ ಮುರಿದ ವಿಷಯ ಪ್ರಾರ್ಥನಾ ವಿನಂತಿಯ ಹೆಸರಲ್ಲಿ ವಾಟ್ಸಾಪ್ ಗ್ರೂಪಿಗೆ ಬಂತೆಂದರೆ ಭಾನುವಾರದೊಳಗೆ ಇಡೀ ಸಭೆಗೆ ಗೊತ್ತು. ನೊಂದವರು ಮತ್ತೆ ಬರುವುದಿಲ್ಲ. ಮೊದಲ ವಾರವೇ ನಿಯಮ ಹೇಳಿ: ಇಲ್ಲಿ ಕೇಳಿದ್ದು ಗ್ರೂಪಿಗೆ ಹೋಗಬಾರದು. ಮೀರಿದವರಿಗೆ ಮೆಸೇಜ್ ಹಾಕಬೇಡಿ, ಎಲ್ಲರೆದುರು ಗದರಲೂ ಬೇಡಿ. ಮಾರನೇ ದಿನವೇ ಮನೆಗೆ ಹೋಗಿ ಒಬ್ಬರಿಗೇ ಹೇಳಿ. ಒಬ್ಬರೊಡನೆ ಕೂತು ಮಾತಾಡುವುದು ನಿಮ್ಮಂಥವರಿಗೆ ಸುಲಭವೂ ಹೌದು.

ಕೂಟ ಮುಗಿದ ಮೇಲೆ ಸುಸ್ತಾಗುವುದು ಸಹಜ. ಶನಿವಾರ ಬೆಳಿಗ್ಗೆ ಬೇರೆ ಸಭೆ ಕೆಲಸ ಒಪ್ಪಿಕೊಳ್ಳಬೇಡಿ. ಯೇಸುವೂ ಜನಸಂದಣಿ ಬಿಟ್ಟು ಏಕಾಂತಕ್ಕೆ ಹೋಗುತ್ತಿದ್ದರು (ಲೂಕ 5:16).

ಅಯ್ಯನವರಿಗೆ ಹೀಗೆ ಹೇಳಿ: "ಆರು ತಿಂಗಳು ನಡೆಸುತ್ತೇನೆ, ಜೊತೆಗೊಬ್ಬರನ್ನು ಕೊಡಿ, ಆಮೇಲೆ ಇಬ್ಬರೂ ಕೂತು ನೋಡೋಣ." ಜೊತೆಗೆ ಯಾರು ಬೇಕೆಂದು ಹೆಸರನ್ನೂ ನೀವೇ ಸೂಚಿಸಿ, ಅವರಾಗಿ ಹುಡುಕಲಿ ಅಂತ ಬಿಟ್ಟರೆ ತಡವಾಗುತ್ತದೆ.