ಜರ್ಮನಿಯ ಲ್ಯಾಬಾ, ಜೋರ್ಡಾನಿನ ಹೊಲವಾ?

ಪ್ರೀಮಾ (ಯುರೋಪ್ ಮತ್ತು ಮೆಡಿಟರೇನಿಯನ್ ಸುತ್ತಲ ದೇಶಗಳ ಜಂಟಿ ಸಂಶೋಧನೆಗೆ ಹಣ ಕೊಡುವ ಕಾರ್ಯಕ್ರಮ) ಹಣದ ನೀರಾವರಿ ಯೋಜನೆಯಲ್ಲಿ ಪಿಎಚ್‌ಡಿ ಸಿಕ್ಕಿದೆ, ಜರ್ಮನಿಯಲ್ಲಿ ಇರಲಾ ಜೋರ್ಡಾನಿನಲ್ಲಿ ಇರಲಾ, ಸಿವಿಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಅಂಥದ್ದೇ ಒಂದು ಜಂಟಿ ಯೋಜನೆಯಲ್ಲಿ ನಾನು ಜರ್ಮನಿ ಆರಿಸಿಕೊಂಡೆ. ಒಬ್ಬ ರೈತನ ಟೊಮೆಟೊ ಒಣಗಿಸಿದೆ.

ಜೋರ್ಡಾನ್ ಕಣಿವೆಯಲ್ಲಿ, ದೇರ್ ಅಲ್ಲಾ ಅನ್ನೋ ಊರಿನಿಂದ ಸ್ವಲ್ಪ ದಕ್ಷಿಣಕ್ಕೆ ಹೊಲ. ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಕೆಳಗೆ. ಮಣ್ಣಿನಲ್ಲಿ ಸೆನ್ಸರ್ ಹೂಳಬೇಕು, ತೇವ ಇಳಿದರೆ ಡ್ರಿಪ್ ವಾಲ್ವ್ ತಾನೇ ತೆರೆಯಬೇಕು. ಎರಡು ದಿನ ಹೋಗಿ ಹೂಳಿ ಬಂದೆ. ಉಳಿದದ್ದೆಲ್ಲ ಜರ್ಮನಿಯಲ್ಲಿ ಕೂತು.

ನನ್ನ ತಪ್ಪು ಇಷ್ಟೇ: ಆ ಹೊಲಕ್ಕೆ ಬರೋದು ಎಂಥ ನೀರು ಅಂತ ಕೇಳಲಿಲ್ಲ. ನಕ್ಷೆಯಲ್ಲಿ ಕಿಂಗ್ ಅಬ್ದುಲ್ಲಾ ಕಾಲುವೆ ಅಂತಿತ್ತು. ಯಾರ್ಮುಕ್ ನದಿ ನೀರು, ಸಿಹಿ ಇರುತ್ತೆ ಅಂದುಕೊಂಡೆ. ಕಣಿವೆಯ ಉತ್ತರಕ್ಕೆ ಅದು ನಿಜ. ಕೆಳಗೆ ಬರುತ್ತಾ ಅದಕ್ಕೆ ಕಿಂಗ್ ತಲಾಲ್ ಅಣೆಕಟ್ಟಿನ ನೀರು ಸೇರುತ್ತದೆ. ಅದರಲ್ಲಿ ದೊಡ್ಡ ಪಾಲು ಅಮ್ಮಾನ್, ಝರ್ಕಾ ಊರುಗಳ ಚರಂಡಿ ನೀರು, ಅಸ್-ಸಮ್ರಾ ಘಟಕದಲ್ಲಿ ಶುದ್ಧ ಮಾಡಿದ್ದು. ನೀರಾವರಿಗೆ ನಡೆಯುತ್ತೆ, ಆದರೆ ಉಪ್ಪು ಜಾಸ್ತಿ.

ಉಪ್ಪಿದ್ದರೆ ಏನಂತೀರಾ? ಅಗ್ಗದ ಕೆಪ್ಯಾಸಿಟೆನ್ಸ್ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ಮಣ್ಣಿನ ವಿದ್ಯುತ್ ಗುಣ ನೋಡಿ ತೇವ ಊಹಿಸುತ್ತದೆ. ಉಪ್ಪು ಮಣ್ಣಲ್ಲಿ ಆ ಊಹೆ ಕೆಡುತ್ತೆ, ಇರುವುದಕ್ಕಿಂತ ಜಾಸ್ತಿ ತೇವ ತೋರಿಸುತ್ತೆ. ವಾಲ್ವ್ ಮುಚ್ಚಿಯೇ ಇತ್ತು. ನೀರು ಕಮ್ಮಿಯಾದಷ್ಟೂ ಉಪ್ಪು ಕೆಳಕ್ಕೆ ತೊಳೆದು ಹೋಗದೆ ಬೇರಿನ ಸುತ್ತ ಕೂತಿತು. ನನ್ನ ಗ್ರಾಫ್ ಮಾತ್ರ ಬಲು ಚೆಂದ. ಅಲ್ಲಿನ ತಂಡ ಭಾನುವಾರವೇ ಗಿಡ ಬಾಡ್ತಿದೆ ಅಂತ ಬರೆದಿತ್ತು. ಅವರಿಗೆ ರಜೆ ಶುಕ್ರವಾರ, ಶನಿವಾರ. ನನಗೆ ಶನಿವಾರ, ಭಾನುವಾರ. ಸೋಮವಾರ ನೋಡಿ 'ಸೆನ್ಸರ್ ಪ್ರಕಾರ ತೇವ ಸರಿಯಾಗಿದೆ' ಅಂತ ಉತ್ತರ ಹಾಕಿದೆ!

ಆ ಹೊಲದ ಮಣ್ಣಿಗೆ ಅದೇ ಕಾಲುವೆಯ ನೀರು ಬೆರೆಸಿ, ತೂಗಿ, 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಿ ಸೆನ್ಸರ್ ಲೆಕ್ಕದ ಜೊತೆ ಹೋಲಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನಾನು ಗಂಗಾವತಿ ಕಡೆಯವನು, ತುಂಗಭದ್ರಾ ಕಾಲುವೆ ಕೆಳಗಿನ ಸವಳು ಭೂಮಿ ನೋಡೇ ಬೆಳೆದವನು. ಅದಕ್ಕೇ ನಾಚಿಕೆ ಜಾಸ್ತಿ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಸಿವಿ ಬಿಡಿ. ಯೋಜನೆಯ ಪ್ರಸ್ತಾವ ತೆಗೆದು ನೋಡಿ: ಉಪಕರಣ ಆರಿಸಿದ್ದು ಯಾರು? ಪ್ರೀಮಾದಲ್ಲಿ ಮೆಡಿಟರೇನಿಯನ್‌ನ ದಕ್ಷಿಣ ಅಥವಾ ಪೂರ್ವ ಕಡೆಯ ಒಂದು ಪಾಲುದಾರ ಸಂಸ್ಥೆ ಇರಲೇಬೇಕು. ಆ ನಿಯಮಕ್ಕಾಗಿ ಸುಮ್ನೆ ಒಂದು ಹೆಸರು ಸೇರಿಸುವವರೂ ಇರ್ತಾರೆ. ನಮ್ಮ ಯೋಜನೆಯಲ್ಲೂ ಜೋರ್ಡಾನಿನವರನ್ನು ಕೊನೇ ವಾರ ಸಹಿಗೆ ಅಂತಲೇ ಸೇರಿಸಿದ್ದು. ನಿಮ್ಮದೂ ಹಾಗಿದ್ದರೆ ಹೋಗಬೇಡಿ. ಇಲ್ಲದಿದ್ದರೆ ಮೊದಲ ಬೆಳೆ ಮುಗಿಯೋ ತನಕ ಕಣಿವೆಯಲ್ಲೇ ಇರಿ, ಲ್ಯಾಬ್ ಎಲ್ಲೂ ಓಡಿ ಹೋಗಲ್ಲ. ನಾಲ್ಕು ಅರಬ್ಬಿ ಪದ ಕಲಿಯಿರಿ. ಸೆನ್ಸರ್ ಹೂಳುವಾಗ ಆ ರೈತ ನೀರು ಬೊಗಸೆಯಲ್ಲಿ ಹಿಡಿದು ತೋರಿಸಿ 'ಮಾಲೆಹ್' ಅಂದಿದ್ದ, ಉಪ್ಪು ಅಂತ. ಕುಡಿಯೋಕೆ ಕೊಡ್ತಿದ್ದಾನೆ ಅಂದುಕೊಂಡು ನಾನು 'ಶುಕ್ರನ್' ಅಂದೆ, ಥ್ಯಾಂಕ್ಸ್ ಅಂತ.